ಸೌದೆ ಖರ್ಚು ಅರ್ಧಕ್ಕಿಳಿಯಿತು: ಮಲೆನಾಡಿನ ಮನೆಯೊಂದರ ಲೆಕ್ಕ

ನಮ್ಮ ಮನೆಯಲ್ಲಿ ಅಡುಗೆ ಒಲೆಗೂ ಬಚ್ಚಲ ಹಂಡೆಗೂ ಸೇರಿ ಸೌದೆಗೆ ವರ್ಷಕ್ಕೆ 27-28 ಸಾವಿರ ರೂಪಾಯಿ ಹೋಗುತ್ತಿತ್ತು. ಎರಡು ವರ್ಷಗಳಿಂದ ಅದು 12 ಸಾವಿರದ ಆಚೀಚೆ ನಿಂತಿದೆ. ಗ್ಯಾಸ್ ಸಿಲಿಂಡರ್ ಎರಡು ಮೂರು ಹೆಚ್ಚಿಗೆ ಬೇಕಾಗುತ್ತಿದೆ ನಿಜ, ಅದನ್ನು ಸೇರಿಸಿದರೂ 15 ಸಾವಿರ ದಾಟುವುದಿಲ್ಲ. ಅಡಿಕೆ ಬೇಯಿಸುವ ಒಲೆಯ ಲೆಕ್ಕ ಇದರಲ್ಲಿ ಇಲ್ಲ, ಅದು ತೋಟದ ಖರ್ಚಿಗೆ ಸೇರಿದ್ದು.

ಉರಿಸುವ ಸೌದೆಯನ್ನು ದಿನವೂ ತೂಗಿ ಬರೆದಿಡಲು ಶುರು ಮಾಡಿದಾಗ ನಮ್ಮದಕ್ಕೆ ‘ಸೌದೆ ತೂಗುವ ಮನೆ’ ಎಂದು ಹೆಸರು ಬಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೂ ಪಕ್ಕದವರು “ಇವತ್ತು ಎಷ್ಟು ಕೆಜಿ ಉರಿಯಿತು?” ಎಂದು ಕೇಳುವವರೇ. ಹಾಗೆ ಕೇಳುತ್ತಿದ್ದವರೊಬ್ಬರು ಈ ಬೇಸಿಗೆಯಲ್ಲಿ ನಮ್ಮ ಕೊಕ್ಕೆ ತಕ್ಕಡಿಯನ್ನು ಎರವಲು ಒಯ್ದಿದ್ದಾರೆ, ಇನ್ನೂ ಹಿಂದಿರುಗಿಸಿಲ್ಲ. ಕೇಳುವವರು ಹೆಚ್ಚಾದ್ದರಿಂದ ಒಮ್ಮೆ ಬರೆದೇ ಬಿಡುತ್ತೇನೆ. ಒಲೆ ಹೂಡುವುದು, ಸೌದೆ ಒಡೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ, ಅದನ್ನು ಹೇಳಲು ಹೋಗುವುದಿಲ್ಲ. ದುಡ್ಡು ಎಲ್ಲಿ ಸೋರುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ನೆನಪಿನಿಂದ ಬರೆಯುತ್ತಿರುವ ಅಂಕಿಗಳು, ನೂರಿನ್ನೂರು ಆಚೀಚೆ ಇರಬಹುದು.

ಮನೆಯಲ್ಲಿ ಆಗ ಏಳು ಜನ, ಕೊಟ್ಟಿಗೆಯಲ್ಲಿ ಎರಡು ಮೂರು ದನ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಇದೆ, ಅಲ್ಲಿಂದ ಸೌದೆ ಹೊತ್ತು ತರುವವರು ಇಲ್ಲ. ಮಾವನವರ ಕಾಲದಲ್ಲಿ ಸೌದೆಗೆ ದುಡ್ಡು ಕೊಟ್ಟರೆಂದರೆ ನಗೆಪಾಟಲು. ಬೆಟ್ಟದಲ್ಲಿ ಬಿದ್ದ ಒಣಮರ, ತೋಟದ ಸೋಗೆ, ತೆಂಗಿನ ಹೆಡೆ, ಜಿಗ್ಗು (ಸಣ್ಣ ಒಣಕಡ್ಡಿ) ಇಷ್ಟರಲ್ಲೇ ವರ್ಷ ಕಳೆಯುತ್ತಿತ್ತು. ಆಗಲೂ ಅದು ಪುಕ್ಕಟೆಯೇನಲ್ಲ, ಹೆಂಗಸರ ತಲೆಹೊರೆಯನ್ನು ಕೂಲಿಯೆಂದು ಯಾರೂ ಬರೆದಿಡಲಿಲ್ಲ ಅಷ್ಟೆ. ಹೊರುವವರು ಇಲ್ಲವಾದ ಮೇಲೆ ಅದೇ ಸೌದೆ ನಗದು ಖರ್ಚಾಗಿ ಲೆಕ್ಕದ ಪುಸ್ತಕಕ್ಕೆ ಹತ್ತಿತು. ಸ್ವಂತ ಜಮೀನಿನ ಮರವನ್ನು ಕಡಿಯುತ್ತೇನೆಂದರೂ 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಸಿಲ್ವರ್ ಓಕ್, ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ನೀಲಗಿರಿಯಂತಹ ಕೆಲವಕ್ಕೆ ವಿನಾಯಿತಿ ಇದೆ. ನಮ್ಮ ಕಡೆ ಮಾರಾಟಕ್ಕೆ ಬರುವುದು ಹೆಚ್ಚಾಗಿ ಅಕೇಶಿಯಾ, ಸಿಲ್ವರ್ ಓಕ್, ಅಪರೂಪಕ್ಕೆ ಮುದಿ ರಬ್ಬರ್.

ಮಗ ಓದಲು ಬೆಂಗಳೂರಿಗೆ ಹೋದ, ಅವನ ಹಿಂದೆಯೇ ಮೈದುನನ ಸಂಸಾರವೂ ಪೇಟೆಗೆ ಹೋಯಿತು. ಏಳು ಜನ ಇದ್ದ ಮನೆ ನಾಲ್ವರಿಗೆ ಇಳಿಯಿತು. ಸೌದೆ ಖರ್ಚು ಮಾತ್ರ ಐದನೆಯ ಒಂದು ಪಾಲೂ ಇಳಿಯಲಿಲ್ಲ, ಮರುವರ್ಷ ದರ ಏರಿ ಅದೂ ಸಮವಾಯಿತು. ನನಗೆ ತಲೆ ಕೆಡಲು ಕಾರಣವಾದದ್ದು ಇದೇ. ನಾಲ್ಕು ಜನರ ಅನ್ನಕ್ಕೂ ಏಳು ಜನರ ಅನ್ನಕ್ಕೂ ಒಲೆ ಹೊತ್ತುವುದು ಒಂದೇ ಸಲ, ಒಲೆಯ ಮಣ್ಣು ಕಾಯುವುದಕ್ಕೆ ಬೇಕಾದ ಬೆಂಕಿಯೂ ಒಂದೇ ಎಂಬುದು ಆಮೇಲೆ ಹೊಳೆಯಿತು. ತಲೆಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಚಿಕ್ಕ ಸಂಸಾರವೇ ಸೌದೆಗೆ ದುಬಾರಿ.

600 ರೂಪಾಯಿ ಕೊಟ್ಟು 50 ಕೆಜಿಯ ಕೊಕ್ಕೆ ತಕ್ಕಡಿ ತಂದೆ. ಬೆಳಿಗ್ಗೆ ಅಡುಗೆಮನೆಗೆ ಒಂದು ಕಟ್ಟು, ಬಚ್ಚಲಿಗೆ ಒಂದು ಕಟ್ಟು, ದನಗಳ ಕಲಗಚ್ಚು ಕಾಯಿಸಲು ಒಂದು ಕಟ್ಟು, ಮೂರನ್ನೂ ತೂಗಿ ಇಡುವುದು, ಸಂಜೆ ಉಳಿದದ್ದನ್ನು ತೂಗಿ ಕಳೆಯುವುದು. ಯುಗಾದಿಯಿಂದ ಯುಗಾದಿಗೆ ಬರೆದಿಟ್ಟೆ. ದಿನಕ್ಕೆ ಸರಾಸರಿ 12 ಕೆಜಿಯಷ್ಟು ಉರಿಯುತ್ತಿತ್ತು. ಅದರಲ್ಲಿ ಅಡುಗೆಗೆ ಹೋಗುತ್ತಿದ್ದದ್ದು ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಬಚ್ಚಲ ಹಂಡೆಯೇ ಅರ್ಧದ ಹತ್ತಿರ ನುಂಗುತ್ತಿತ್ತು! ಮಳೆಗಾಲದಲ್ಲಂತೂ ಹಂಡೆಯ ಬೆಂಕಿಗೆ ಬಟ್ಟೆ ಒಣಗಿಸುವ ಕೆಲಸವೂ ಸೇರಿಕೊಂಡು ಅದು ಆರುತ್ತಲೇ ಇರಲಿಲ್ಲ. ಸರ್ಕಾರದವರು, ಸಂಘದವರು, ಟಿವಿಯವರು ಎಲ್ಲರೂ ಅಡುಗೆ ಒಲೆಯ ಬಗ್ಗೆ ಮಾತನಾಡುತ್ತಾರೆ. ಬಚ್ಚಲಿಗೆ ಇಣುಕುವವರು ಯಾರೂ ಇಲ್ಲ. ಉಜ್ವಲಾ ಯೋಜನೆ ಬಂದದ್ದು 2016ರಲ್ಲಿ, ನಮ್ಮ ಕೇರಿಯಲ್ಲಿ ಈಗ ಗ್ಯಾಸ್ ಇಲ್ಲದ ಮನೆ ಇಲ್ಲ. ಆದರೂ ಸೌದೆಯ ಲೋಡು ಇಳಿಯುವುದು ನಿಂತಿಲ್ಲ. ಕಾರಣ ಹುಡುಕುವವರು ಬಚ್ಚಲಿನಿಂದ ಶುರು ಮಾಡಲಿ.

ತೂಗುವುದಕ್ಕೂ ಮೊದಲೇ ನಾನು ಒಲೆಗೆ ಕೈ ಹಾಕಿ ಆಗಿತ್ತು, ಎಲ್ಲರೂ ಮಾಡುವ ಹಾಗೆ. ಮೊದಲು ಬಂದದ್ದು ಸಣ್ಣ ಫ್ಯಾನ್ ಇರುವ ಕಬ್ಬಿಣದ ಒಲೆ, 4 ಸಾವಿರ. ಬೆಂಕಿ ಚೆನ್ನಾಗಿಯೇ ಬರುತ್ತಿತ್ತು. ಬೆರಳು ದಪ್ಪ, ಗೇಣುದ್ದದ ತುಂಡುಗಳನ್ನೇ ಹಾಕಬೇಕು. ಅಷ್ಟು ಸಣ್ಣಗೆ ಸೀಳಲು ಆಳಿಗೆ ಕೊಟ್ಟ ಕೂಲಿಯಲ್ಲಿ ಉಳಿತಾಯವೆಲ್ಲ ಕರಗಿತು. ಎರಡನೆಯ ಮಳೆಗಾಲಕ್ಕೆ ಒಳಗಿನ ತಗಡು ತುಕ್ಕು ತಿಂದು ತೂತಾಯಿತು. ಈಗ ಅದು ಕೋಳಿಗೂಡಿನ ಬಾಗಿಲಿಗೆ ಒತ್ತಾಗಿದೆ.

ಆಮೇಲೆ ಅಸ್ತ್ರ ಒಲೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಬಳಗ ರೂಪಿಸಿದ್ದು ಇದನ್ನು. ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಮನೆಮನೆ ಸುತ್ತಿ ಯಾವ ಕೆಲಸಕ್ಕೆ ಎಷ್ಟು ಸೌದೆ ಎಂದು ಅಳೆದು ನೋಡಿದವರು ಅವರು. ಆ ಮಟ್ಟಿಗೆ ಸೌದೆ ತೂಗಿದವರಲ್ಲಿ ನಾನು ಮೊದಲಿಗಳಲ್ಲ ಎಂಬುದೇ ನನಗೆ ಸಮಾಧಾನ. ಮೂರು ಪಾತ್ರೆಗಳ ಒಲೆ, ಕೆಳಗೆ ಕಬ್ಬಿಣದ ಜಾಲರಿ, ಬಾಯಿಗೆ ಮುಚ್ಚಳ, ಹಿಂದೆ ಹೊಗೆ ಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು. ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ಅದರ ಮೂರು ಪಟ್ಟು ಕೊಡುತ್ತದೆ, ನಮ್ಮಂತಹವರ ಮನೆಯಲ್ಲಿ ಎರಡು ಎರಡೂವರೆ ಪಟ್ಟು ಎಂದಿಟ್ಟುಕೊಳ್ಳಿ.

ಕಟ್ಟಿಸಿದ್ದಕ್ಕೆ 6 ಸಾವಿರ ಆಯಿತು. ಮೊದಲನೆಯ ವರ್ಷ ಅದೂ ಸೋತಿತು. ಗಾರೆಯವನು “ನೋಡಲು ಚೆಂದ ಇರಲಿ ಅಮ್ಮ” ಎಂದು ಬೆಂಕಿಗೂಡನ್ನು ಎರಡು ಇಂಚು ದೊಡ್ಡದು ಮಾಡಿದ್ದ. ಪಾತ್ರೆಯ ತಳಕ್ಕೂ ಬೆಂಕಿಗೂ ನಡುವೆ ಅಂತರ ಬಿದ್ದು ಮೊದಲನೆಯ ಪಾತ್ರೆ ಬಿಟ್ಟು ಉಳಿದೆರಡು ಬಿಸಿಯೇ ಆಗುತ್ತಿರಲಿಲ್ಲ. ಈ ಒಲೆ ಪಾತ್ರೆಯ ಅಳತೆಗೆ ಕಟ್ಟುವಂಥದ್ದು, ಇಂಚು ತಪ್ಪಿದರೆ ಒಲೆಯೇ ತಪ್ಪುತ್ತದೆ. 1980ರ ದಶಕದಲ್ಲಿ ಹೊಗೆರಹಿತ ಒಲೆಗಳನ್ನು ಊರೂರಿಗೆ ಹಂಚಿದಾಗ ಅರ್ಧದಷ್ಟು ಮನೆಯವರು ಬಾಯಿ ಒಡೆದು ದೊಡ್ಡದು ಮಾಡಿಕೊಂಡದ್ದನ್ನು ಅತ್ತೆ ಈಗಲೂ ನೆನೆಯುತ್ತಾರೆ. ದಪ್ಪ ಕುಂಟೆ (ಸೀಳದ ಮರದ ತುಂಡು) ಒಳಗೆ ಹೋಗುವುದಿಲ್ಲ ಎಂಬುದು ಆ ಮನೆಯವರ ದೂರು. ಕುಂಟೆ ಒಡೆಯುವವರಿಲ್ಲ ಎಂಬುದು ನಿಜವಾದ ಕಾರಣ.

ಅತ್ತೆಯ ವಿರೋಧ ಇದ್ದದ್ದು ಬೇರೆ ಕಡೆ. ಹೊಗೆ ಕೊಳವೆಯಲ್ಲಿ ಹೋದರೆ ಅಟ್ಟದ ಗತಿಯೇನು ಎಂದರು. ನಾನು ನಕ್ಕಿದ್ದೆ, ಅವರು ಹೇಳಿದ್ದೇ ಆಯಿತು. ಒಲೆಯ ಮೇಲಿನ ಅಟ್ಟ ಬಿದಿರಿನದು. ಐವತ್ತು ವರ್ಷ ಹೊಗೆ ಕುಡಿದು ಕಬ್ಬಿಣದಂತೆ ನಿಂತಿದ್ದ ಬಿದಿರಿಗೆ ಒಂದೇ ವರ್ಷದಲ್ಲಿ ಕುಟ್ಟೆ ಹುಳ ಹಿಡಿಯಿತು. ಬೆಳಿಗ್ಗೆ ಒಲೆಕಟ್ಟೆಯ ಮೇಲೆ ಗೋಧಿಹಿಟ್ಟು ಚೆಲ್ಲಿದ ಹಾಗೆ ಹಳದಿ ಪುಡಿ. ಅಲ್ಲಿ ತೂಗುಹಾಕಿದ್ದ ಬೀಜದ ಸೌತೆ, ವಾಟೆಹುಳಿ, ಬುಟ್ಟಿಯಲ್ಲಿದ್ದ ಬೀಜದ ಭತ್ತ ಎಲ್ಲಕ್ಕೂ ಹುಳ. ಸೌದೆಯಲ್ಲಿ ಉಳಿದದ್ದು ಬಿದಿರಿನಲ್ಲಿ ಹೋಯಿತು. ಮನೆಗಳು ಹೊಸ ಒಲೆಯನ್ನು ಬಿಟ್ಟು ಹಳೆಯದಕ್ಕೆ ಮರಳುವುದು ದಡ್ಡತನದಿಂದ ಎಂದು ಬರೆಯುವವರು ಒಮ್ಮೆ ನಮ್ಮ ಅಟ್ಟ ಹತ್ತಿ ನೋಡಬೇಕಿತ್ತು. ಈಗ ಅದಕ್ಕೊಂದು ದಾರಿ ಮಾಡಿಕೊಂಡಿದ್ದೇನೆ. ತಿಂಗಳಲ್ಲಿ ಒಂದೆರಡು ಬಾರಿ ಕೊಳವೆಯ ಹಾದಿ ತಪ್ಪಿಸಿ ಹೊಗೆಯನ್ನು ಅಟ್ಟಕ್ಕೆ ಬಿಡುತ್ತೇನೆ, ಆ ಹೊತ್ತಿನಲ್ಲಿ ಅಡುಗೆಮನೆಗೆ ಯಾರೂ ಬರುವುದಿಲ್ಲ. ಹೇಗೆ ತಪ್ಪಿಸುತ್ತೇನೆ ಎಂಬುದನ್ನು ಬಂದು ನೋಡಿದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಖರ್ಚು ಇಳಿದದ್ದು 3 ಸಾವಿರದಷ್ಟು ಮಾತ್ರ. ಯಜಮಾನರು “ನಿನ್ನ ಪ್ರಯೋಗಕ್ಕೆ ಹಾಕಿದ ದುಡ್ಡಿನಲ್ಲಿ ಎರಡು ಲೋಡು ಸೌದೆ ಬರುತ್ತಿತ್ತು” ಎಂದರು. ಮಾತು ಸುಳ್ಳಲ್ಲ.

ದಾರಿ ಸಿಕ್ಕಿದ್ದು ಒಲೆಯಲ್ಲಲ್ಲ, ಅಂಗಳದಲ್ಲಿ. ಜನವರಿಯಲ್ಲಿ ಇಳಿದ ಅಕೇಶಿಯಾದ ಒಂದು ಸೀಳನ್ನು ಆರಿಸಿ, ತುದಿಗೆ ಸುಣ್ಣದ ಗುರುತು ಹಾಕಿ, ಬಿಸಿಲಿಗಿಟ್ಟು ವಾರಕ್ಕೊಮ್ಮೆ ತೂಗುತ್ತಾ ಬಂದೆ. ಇಳಿದ ದಿನ ಸರಿಯಾಗಿ 10 ಕೆಜಿ. ಶಿವರಾತ್ರಿ ಹೊತ್ತಿಗೆ 8 ಚಿಲ್ಲರೆ. ರೋಹಿಣಿ ಮಳೆ ಬೀಳುವ ಮೊದಲು 6.5. ಆಮೇಲೆ ಕದಲಲಿಲ್ಲ. ಮೂರೂವರೆ ಕೆಜಿ ನೀರು! ನಾವು ಮಳೆಗಾಲದ ಬಾಯಲ್ಲಿ ಲೋಡು ಇಳಿಸಿ, ಹಸಿಹಸಿಯನ್ನೇ ಒಡೆದು ಉರಿಸುತ್ತಿದ್ದವರು. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 600 ಕಿಲೋ ಕ್ಯಾಲೊರಿ ಬೇಕು. ಅದೇ ಶಾಖ ಸ್ನಾನದ ನೀರಿಗೆ ತಲುಪಿದರೆ 30 ಲೀಟರ್ ನೀರು 20 ಡಿಗ್ರಿ ಬಿಸಿ ಏರುತ್ತದೆ, ಅಂದರೆ ಒಂದೂವರೆ ಬಕೆಟ್. ಹಸಿ ಸೌದೆ ಉರಿಸುವವರು ಹಂಡೆಯ ನೀರು ಕಾಯಿಸುವ ಮೊದಲು ಸೌದೆಯ ನೀರನ್ನು ಕಾಯಿಸುತ್ತಿರುತ್ತಾರೆ. ಹೊಗೆಯೂ ಅಲ್ಲಿಂದಲೇ, ಹಂಡೆಯ ತಳಕ್ಕೆ ಮೆತ್ತುವ ಜಿಗುಟು ಮಸಿಯೂ ಅಲ್ಲಿಂದಲೇ. ಆ ಮಸಿ ಬೆರಳು ದಪ್ಪ ಕೂತರೆ ಬೆಂಕಿಗೂ ತಾಮ್ರಕ್ಕೂ ಸಂಬಂಧವೇ ಇರುವುದಿಲ್ಲ.

ಅಲ್ಲಿಂದ ಕೊಳ್ಳುವ ಕಾಲವನ್ನೇ ಬದಲಿಸಿದೆ. ನಮ್ಮ ಕಡೆ ಅಡಿಕೆ ಕೊಯ್ಲು, ಸುಲಿತ ಮುಗಿಯುವವರೆಗೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಬಿಸಿ. ಮೇ ಕೊನೆಯಲ್ಲಿ ಎಲ್ಲರಿಗೂ ಸೌದೆಯ ನೆನಪಾಗುತ್ತದೆ, ಆಗ ಪಿಕಪ್ ಲೋಡಿಗೆ 5,500 ಎಂದರೂ ಕೈ ಮುಗಿದು ಇಳಿಸಿಕೊಳ್ಳುತ್ತಾರೆ. ಫೆಬ್ರವರಿಯಲ್ಲಿ ಅದೇ ಲೋಡು 4,500ಕ್ಕೆ ಬರುತ್ತದೆ. ಕಾಫಿ ತೋಟಗಳಲ್ಲಿ ನೆರಳು ಸವರುವುದು ಆಮೇಲೆಯೇ, ಆಗ ಸಿಲ್ವರ್ ಓಕ್ ರೆಂಬೆ ಇನ್ನೂ ಅಗ್ಗ. ಮುಂಗಡ ಕೊಟ್ಟು ಡಿಸೆಂಬರಿನಲ್ಲೇ ಮಾತಾಡಿಟ್ಟರೆ ಮತ್ತೂ ಇಳಿಯುತ್ತದೆ. ಎಷ್ಟು ಎಂಬುದನ್ನು ಬರೆದರೆ ನನಗೆ ಕೊಡುವವನು ಮುಂದಿನ ವರ್ಷ ಕೊಡಲಿಕ್ಕಿಲ್ಲ.

ಕೊಳ್ಳುವಾಗ ನನ್ನ ಕಟ್ಟುನಿಟ್ಟು ಒಂದೇ: ಹಸಿಯನ್ನು ಅಳತೆಯಲ್ಲಿ ಕೊಳ್ಳುವುದು, ಒಣಗಿದ್ದನ್ನು ತೂಕದಲ್ಲಿ ಕೊಳ್ಳುವುದು. ಹಸಿಯನ್ನು ತೂಕದಲ್ಲಿ ಕೊಂಡರೆ ನೀರಿಗೆ ದುಡ್ಡು ಕೊಟ್ಟಂತಾಗುತ್ತದೆ. ಅಟ್ಟಿ ಹಾಕಿಸಿ ಉದ್ದ, ಅಗಲ, ಎತ್ತರ ಹಿಡಿದರೆ ನೀರು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಳತೆಯಲ್ಲಿ ಕೊಳ್ಳುವಾಗ ಮರ ಗಟ್ಟಿಯದಾಗಿರಬೇಕು. ಕೆಜಿಗೆ ಕೆಜಿ ನೋಡಿದರೆ ಒಣಗಿದ ಯಾವ ಮರವಾದರೂ ಹೆಚ್ಚುಕಡಿಮೆ ಅಷ್ಟೇ ಶಾಖ ಕೊಡುತ್ತದೆ. ಅಟ್ಟಿಗೆ ಅಟ್ಟಿ ನೋಡಿದರೆ ಅಕೇಶಿಯಾಕ್ಕೂ ಹಾಲುವಾಣಕ್ಕೂ ಅಜಗಜಾಂತರ. ಡೊಂಕು ರೆಂಬೆಗಳನ್ನು ಅಟ್ಟಿ ಕಟ್ಟಿ ನಡುವೆ ಗಾಳಿ ಮಾರುವವರೂ ಇದ್ದಾರೆ, ನೇರ ಕುಂಟೆಗಳನ್ನೇ ಕೇಳಬೇಕು. ರಬ್ಬರ್ ಬೇಡ. ಒಣಗಿದರೆ ಉರಿಯುತ್ತದೆ, ಒಣಗುವ ಮೊದಲೇ ಬೂಷ್ಟು ಮತ್ತು ಹುಳ ತಿಂದು ಮುಗಿಸುತ್ತವೆ. ತೂಕದಲ್ಲಿ ಕೊಳ್ಳುವಾಗ ಪೇಟೆಯ ವೇ ಬ್ರಿಜ್ ಚೀಟಿ ತರಲು ಹೇಳುತ್ತೇನೆ, ನೂರು ರೂಪಾಯಿಯ ಮಾತು. ಚೀಟಿ ಕೇಳಿದ ಮೊದಲ ಸಲ ಲೋಡಿನವನು ಸಿಟ್ಟಾಗಿ ಗಾಡಿ ತಿರುಗಿಸಿಕೊಂಡು ಹೋದ. ಎರಡು ವಾರಕ್ಕೆ ತಾನೇ ಫೋನ್ ಮಾಡಿದ.

ಒಣಗಿಸುವುದರಲ್ಲೂ ಪೆಟ್ಟು ತಿಂದದ್ದಿದೆ. ಮೊದಲ ವರ್ಷ ಅಟ್ಟಿಯ ಮೇಲಿನಿಂದ ನೆಲದವರೆಗೆ ಟಾರ್ಪಾಲು ಹೊದಿಸಿ ಬಿಗಿದು ಕಟ್ಟಿದೆವು. ಆಗಸ್ಟಿನಲ್ಲಿ ಬಿಚ್ಚಿದರೆ ಒಳಗೆ ಬಿಳಿ ಬೂಷ್ಟು, ಕೆಳಗಿನ ಎರಡು ಸಾಲು ಗೆದ್ದಲಿನ ಪಾಲು. ಒಂದು ಲೋಡಿನ ಕಾಲು ಭಾಗ ಗೊಬ್ಬರದ ಗುಂಡಿಗೆ ಹೋಯಿತು. ಈಗಿನ ಸೌದೆ ಕೊಟ್ಟಿಗೆಗೆ 14 ಸಾವಿರ ಹಿಡಿಯಿತು. ಹಳೆಯ ಅಡಿಕೆ ದಬ್ಬೆ, ಮೇಲೆ ತಗಡು, ನೆಲದಿಂದ ಮೊಣಕಾಲೆತ್ತರಕ್ಕೆ ಕಲ್ಲುಕಂಬ, ಗಾಳಿ ಬೀಸುವ ಕಡೆಗೆ ಎರಡು ಬದಿ ಬರಿ ಬಯಲು. ಕುಂಟೆ ಇಳಿದ ವಾರದೊಳಗೆ ಮಣಿಕಟ್ಟಿನ ದಪ್ಪಕ್ಕೆ ಸೀಳಿಸುತ್ತೇನೆ. ಹಸಿಯಲ್ಲಿ ಒಡೆಯುವುದು ಸುಲಭ, ಒಣಗಿದ ಅಕೇಶಿಯಾ ಕೊಡಲಿಯನ್ನೇ ಕಚ್ಚಿ ಹಿಡಿಯುತ್ತದೆ. ತೊಗಟೆ ಮೇಲ್ಮುಖವಾಗಿ ಇಡುವುದು, ಸಾಲಿನಿಂದ ಸಾಲಿಗೆ ಅಡ್ಡ ಉದ್ದ ಬದಲಿಸುವುದು ಎಲ್ಲರಿಗೂ ಗೊತ್ತು. ಒಣಗಿದೆಯೇ ಎಂದು ತಿಳಿಯಲು ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದು ನೋಡುತ್ತೇನೆ. ಟಣ್ ಎಂದರೆ ಒಣಗಿದೆ, ಧಪ್ ಎಂದರೆ ಇಲ್ಲ. ಇಷ್ಟಾದರೂ ಆರಿದ್ರಾ ಮಳೆಯ ಹೊತ್ತಿಗೆ ಗಾಳಿಯ ತೇವವನ್ನೇ ಸೌದೆ ಹೀರಿಕೊಳ್ಳುತ್ತದೆ. ಅದಕ್ಕೆ ಹೊಗೆ ಕೊಳವೆಯ ಗೋಡೆಗೆ ಒರಗಿಸಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದೇನೆ. ಮೂರು ದಿನದ ಸೌದೆ ಅಲ್ಲಿ ಕೂರುತ್ತದೆ, ನಾಳಿನದು ಇವತ್ತಿನ ಬೆಂಕಿಗೆ ಕಾಯುತ್ತದೆ.

ಕೊಳ್ಳುವುದು, ಒಣಗಿಸುವುದು ಆಯಿತು, ಮೂರನೆಯದು ಬಚ್ಚಲು. ಹಂಡೆಯನ್ನು ಮೂರು ಗುಂಡಿನ ಮೇಲೆ ಕೂರಿಸಿ ಕೆಳಗೆ ಕುಂಟೆ ದೂಡುವುದು ನಮ್ಮ ಹಳೆಯ ಪದ್ಧತಿ, ಬೆಂಕಿಯ ಅರ್ಧ ಪಾಲು ಬಚ್ಚಲಮನೆಯ ಗೋಡೆಯನ್ನು ಕಾಯಿಸುತ್ತಿತ್ತು. ಅಡುಗೆಮನೆಯ ಒಲೆಯ ಅದೇ ಕ್ರಮವನ್ನು ಇಲ್ಲಿಗೂ ತಂದೆ. ಜಾಲರಿ, ಮುಚ್ಚಳ, ಹಂಡೆಯ ಹೊಟ್ಟೆಯ ಸುತ್ತ ಒಂದು ಸುತ್ತು ಬಿಸಿಹೊಗೆ ತಿರುಗಿ ಕೊಳವೆಗೆ ಹೋಗುವಂತೆ ಕಟ್ಟೆ. ಸುತ್ತಿನ ಸಂದು ಎಷ್ಟಿರಬೇಕು ಎಂಬುದರಲ್ಲೇ ಎಲ್ಲ ಇದೆ. ಹೆಚ್ಚಾದರೆ ಹೊಗೆ ಓಡಿಬಿಡುತ್ತದೆ, ಕಡಿಮೆಯಾದರೆ ಬಾಯಿಗೆ ಮರಳುತ್ತದೆ. ನಾವು ಕಟ್ಟೆಯನ್ನು ಒಡೆದು ಕಟ್ಟಿ ಒಡೆದು ಕಟ್ಟಿ ಕಂಡುಕೊಂಡ ಅಳತೆ ಅದು. ಮಣ್ಣಿಗೆ ಏನು ಬೆರೆಸಿದರೆ ಬಿರುಕು ಬಿಡುವುದಿಲ್ಲ ಎಂಬುದೂ ಸೇರಿ ಎರಡೂ ನನ್ನ ಬಳಿಯೇ ಇರಲಿ, ಗಾರೆಯವನಿಗೆ ನಾಲ್ಕು ಮನೆಯ ಕೆಲಸ ಸಿಕ್ಕಿದೆ, ಅವನ ಹೊಟ್ಟೆಯ ಮೇಲೆ ಹೊಡೆಯಬಾರದು. ಇದಕ್ಕೆ 9 ಸಾವಿರ ಖರ್ಚು. ಹಂಡೆಯ ನೀರಿಗೆ ಮೊದಲು ಐದಾರು ಕೆಜಿ ಬೇಕಿತ್ತು, ಈಗ ಎರಡು ಎರಡೂವರೆಯಲ್ಲಿ ಮುಗಿಯುತ್ತದೆ. ಹಂಡೆಗೆ ಮರದ ಮುಚ್ಚಳ ಮಾಡಿಸಿದ ಮೇಲೆ ರಾತ್ರಿ ಕಾಯಿಸಿದ್ದು ಬೆಳಿಗ್ಗೆ ಮುಖ ತೊಳೆಯುವಷ್ಟು ಬೆಚ್ಚಗಿರುತ್ತದೆ.

ಗ್ಯಾಸ್ ಇರುವಾಗ ಸೌದೆ ಏಕೆ ಎಂದು ಪೇಟೆಯ ನೆಂಟರು ಕೇಳುತ್ತಾರೆ. ಅವರಿಗೋಸ್ಕರ ಹಾಕಿದ ಲೆಕ್ಕ ಇದು. 14.2 ಕೆಜಿಯ ಒಂದು ಸಿಲಿಂಡರ್ ಪಾತ್ರೆಗೆ ಮುಟ್ಟಿಸುವ ಶಾಖವನ್ನು ಹಸಿ ಸೌದೆಯಿಂದ ಹಳೆಯ ಒಲೆಯಲ್ಲಿ ಪಡೆಯಲು ಏನಿಲ್ಲವೆಂದರೂ 300 ಕೆಜಿ ಬೇಕು. ಲೋಡಿನ ದರಕ್ಕೆ ಒಡೆಯುವ ಕೂಲಿ ಸೇರಿಸಿ ನೋಡಿದರೆ 1,400-1,500 ರೂಪಾಯಿ. ಅದೇ ಶಾಖ ಒಣಗಿದ ಸೌದೆಯಿಂದ, ಸರಿಯಾಗಿ ಕಟ್ಟಿದ ಒಲೆಯಲ್ಲಿ 100 ಕೆಜಿಗೆ ಸಿಗುತ್ತದೆ. ಹಸಿಯಲ್ಲಿ ಕೊಂಡದ್ದರ ಲೆಕ್ಕ ಹಿಡಿದರೆ 600 ರೂಪಾಯಿಯ ಸುತ್ತ. ನಡುವೆ ಸಿಲಿಂಡರ್ ಇದೆ. 2023ರ ಆಗಸ್ಟಿನಲ್ಲಿ 200, 2024ರ ಮಾರ್ಚಿನಲ್ಲಿ ಮತ್ತೆ 100 ರೂಪಾಯಿ ಇಳಿದ ಮೇಲೆ ಅದು 800-850ರ ಆಸುಪಾಸಿಗೆ ಬಂತು. ಅಂದರೆ ದುಡ್ಡು ಕೊಟ್ಟು ಹಸಿ ಸೌದೆ ತಂದು ಮೂರು ಕಲ್ಲಿನ ಮೇಲೆ ಉರಿಸುವವರು ಗ್ಯಾಸಿಗಿಂತ ದುಬಾರಿ ಅಡುಗೆ ಮಾಡುತ್ತಿದ್ದಾರೆ. ಇದನ್ನು ಮೊದಲು ನಂಬದವರು ನಮ್ಮ ಯಜಮಾನರೇ. ಪುಸ್ತಕ ತೆಗೆದು ಅವರೇ ಕೂಡಿಸಿ ನೋಡಿದರು, ಎರಡು ಸಲ. ಆ ಸಂಜೆಯಿಂದ ಚಹಾ, ಒಗ್ಗರಣೆ, ನೆಂಟರು ಬಂದಾಗಿನ ದಿಢೀರ್ ಉಪ್ಪಿಟ್ಟು ಗ್ಯಾಸಿಗೆ ಹೋದವು. ಐದು ನಿಮಿಷದ ಕೆಲಸಕ್ಕೆ ಒಲೆ ಹೊತ್ತಿಸುವುದು ನಿಂತಿತು.

ನಡುವೆ ಮಾಡಿದ ತರಲೆಗಳೂ ಇವೆ. ಹೊಟ್ಟಿನ ಒಲೆ ಒಂದು. ಹಳೆಯ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ಗುದ್ದಿ ತುಂಬಿ, ಬಾಟಲಿ ಎಳೆದು ಕೆಳಗಿನಿಂದ ಬೆಂಕಿ ಕೊಟ್ಟರೆ ಎರಡು ಮೂರು ಗಂಟೆ ತಾನಾಗಿ ಉರಿಯುತ್ತದೆ. ಬೇಸಿಗೆಯಲ್ಲಿ ಕಲಗಚ್ಚಿಗೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಹೊಟ್ಟು ತೇವ ಹಿಡಿದು ಬರಿ ಹೊಗೆ. ಗೋಬರ್ ಗ್ಯಾಸ್ ಗುಂಡಿ ಮಾವನವರು ಕಟ್ಟಿಸಿದ್ದು ಇದೆ. ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕೆಜಿ ಸಗಣಿ ಬೇಕು, ಈಗಿರುವ ದನಗಳಿಂದ ಅದರ ಅರ್ಧವೂ ಆಗುವುದಿಲ್ಲ. ಅಡಿಕೆ ಹಾಳೆಯ ಚೂರುಗಳನ್ನು ಸಗಣಿಯಲ್ಲಿ ಕಲಸಿ ಇಟ್ಟಿಗೆಯಂತೆ ಒತ್ತಿ ಒಣಗಿಸಿದ್ದೂ ಆಯಿತು. ಒತ್ತುವ ಶ್ರಮಕ್ಕೆ ಹೋಲಿಸಿದರೆ ಉರಿ ಏನೂ ಅಲ್ಲ. ಸೋಲಾರ್ ಹೀಟರ್ ವಿಚಾರಿಸಿದೆವು, ನಮ್ಮ ಮನೆಯ ಸುತ್ತ ಮರ, ಮೇಲೆ ನಾಲ್ಕು ತಿಂಗಳ ಮೋಡ, ಆ ದುಡ್ಡು ಹಾಕಲು ಮನಸ್ಸು ಬರಲಿಲ್ಲ.

ಗೆದ್ದದ್ದು ಹುಲ್ಲಿನ ಬುಟ್ಟಿ. ನಮ್ಮದು ಕುಚ್ಚಲಕ್ಕಿ ಉಣ್ಣುವ ಮನೆ, ಮುಕ್ಕಾಲು ಗಂಟೆಗೂ ಹೆಚ್ಚು ಕುದಿಯಬೇಕು. ಬೆಳ್ತಿಗೆ ಅಕ್ಕಿ ಉಣ್ಣುವವರಿಗಿಂತ ನಮಗೆ ಸೌದೆ ಹೆಚ್ಚು ಎಂಬುದು ಲೆಕ್ಕದಲ್ಲೂ ಕಂಡಿತ್ತು. ಅಕ್ಕಿ ಬದಲಿಸುವ ಮಾತು ಎತ್ತಿದರೆ ಮನೆಯಲ್ಲಿ ಯುದ್ಧ. ದೊಡ್ಡ ಬಿದಿರಿನ ಬುಟ್ಟಿಗೆ ಬೈಹುಲ್ಲನ್ನು ಒತ್ತಿ ತುಂಬಿ, ನಡುವೆ ಪಾತ್ರೆಯ ಅಳತೆಗೆ ಗುಳಿ ಮಾಡಿ, ಹಳೆಯ ಕಂಬಳಿ ಹಾಸಿದೆ. ಅಕ್ಕಿಯನ್ನು ಕಾಲು ಗಂಟೆ ಭರ್ಜರಿಯಾಗಿ ಕುದಿಸಿ, ಮುಚ್ಚಳ ತೆಗೆಯದೆ ಬುಟ್ಟಿಗಿಳಿಸಿ, ಮೇಲೆ ಹುಲ್ಲಿನ ದಿಂಬು ಹೊದಿಸಿದರೆ ಒಂದೂವರೆ ಗಂಟೆಗೆ ಅನ್ನ. ಅಗುಳು ಅರಳುತ್ತದೆ, ತಳ ಹಿಡಿಯುವ ಮಾತಿಲ್ಲ, ಗಂಜಿತಿಳಿ ದಪ್ಪಗೆ ಬರುತ್ತದೆ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು, ಸ್ವಲ್ಪ ಅಕ್ಕಿಗೆ ಇದು ಕೆಲಸ ಮಾಡುವುದಿಲ್ಲ. ಅತ್ತೆ ಮೊದಲ ವಾರ “ಕೋಳಿ ಕಾವಿಗೆ ಕೂರಿಸಿದ ಹಾಗಿದೆ” ಎಂದು ಮುಖ ತಿರುಗಿಸಿದರು. ಈಗ ಹೆಸರುಕಾಳು, ಕಡಲೆ, ದನದ ಹುರುಳಿ ಎಲ್ಲವನ್ನೂ ಅವರೇ ಬುಟ್ಟಿಗಿಳಿಸುತ್ತಾರೆ. ನನಗೆ ಅದರಲ್ಲಿ ಜಾಗ ಸಿಗುವುದಿಲ್ಲ. ಬಿಡಿಗಾಸು ಖರ್ಚಿಲ್ಲದೆ ಅಡುಗೆಯ ಪಾಲಿನ ನಾಲ್ಕನೆಯ ಒಂದಂಶ ಇದೊಂದೇ ಇಳಿಸಿತು.

ಕಳೆದ ವರ್ಷದ ಲೆಕ್ಕ ಹೀಗೆ: ಫೆಬ್ರವರಿಯಲ್ಲಿ ಎರಡು ಲೋಡು, 9 ಸಾವಿರ. ಒಡೆದು ಅಟ್ಟಿ ಹಾಕಲು 3 ಸಾವಿರದ ಒಳಗೆ. ಹೆಚ್ಚುವರಿ ಸಿಲಿಂಡರ್‌ಗಳಿಗೆ 2 ಸಾವಿರದ ಮೇಲೆ. ಒಟ್ಟು ಹಾಕಿದ ಬಂಡವಾಳ, ಕೋಳಿಗೂಡು ಸೇರಿದ ಆ ಕಬ್ಬಿಣದ ಒಲೆಯೂ ಸೇರಿ, 34 ಸಾವಿರದ ಹತ್ತಿರ. ಮುಂದಿನ ಯುಗಾದಿಗೆ ಅದು ಪೂರ್ತಿ ವಾಪಸಾಗುತ್ತದೆ. ಮಗ, ಮೈದುನನ ಸಂಸಾರ ಎಲ್ಲ ಸೇರುವ ದೀಪಾವಳಿ, ಮೇ ತಿಂಗಳ ರಜೆಯೂ ಇದರೊಳಗೆ ಬಂದಿದೆ. ಶ್ರಾದ್ಧ, ಸತ್ಯನಾರಾಯಣ ಪೂಜೆಯಂತಹ ನೂರು ಜನರ ಅಡುಗೆಗೆ ಮಾತ್ರ ಅಂಗಳದಲ್ಲಿ ಹಳೆಯ ಕಲ್ಲಿನ ಒಲೆಯೇ ಗತಿ, ಆ ಒಂದು ದಿನ ಹದಿನೈದು ದಿನದ ಸೌದೆ ತಿನ್ನುತ್ತದೆ.

ಈಗ ಕೈ ಹಾಕಿರುವುದು ಅಡಿಕೆ ಬೇಯಿಸುವ ಒಲೆಗೆ. ಒಣ ಸಿಪ್ಪೆಯಲ್ಲೇ ಕೊಪ್ಪರಿಗೆ ಕುದಿಸಬಹುದು ಎಂಬುದು ನನ್ನ ವಾದ, ಸಿಪ್ಪೆಯ ಬೆಂಕಿಯಲ್ಲಿ ಅಡಿಕೆಗೆ ಬಣ್ಣ ಕೂರುವುದಿಲ್ಲ ಎಂಬುದು ಯಜಮಾನರ ವಾದ. ಎರಡು ಕೊಪ್ಪರಿಗೆ ಅಕ್ಕಪಕ್ಕ ಹೂಡಿ ನೋಡುವುದೆಂದು ಮಾತಾಗಿದೆ. ಕೊಯ್ಲು ಶುರುವಾಗುವ ಮೊದಲು ತಕ್ಕಡಿ ವಾಪಸ್ ಬರಬೇಕು.